ಎಂಬತ್ತು ಕೆಜಿ

ಮೂವತ್ತೊಂದು ವರ್ಷ ನಾನು ಲಾರಿ ತೂಗಿದವನು.
ಭದ್ರಾವತಿಯ ಕಾಗದದ ಕಾರ್ಖಾನೆ, ಹಿಂದಿನ ಗೇಟು.
ಬಿದಿರು ಹೊತ್ತು ಬಂದದ್ದು ಹಲಗೆ ಹತ್ತಿದರೆ
ಕಿಟಕಿಯಲ್ಲಿ ನನ್ನ ಕೈ, ಚೀಟಿ, ನೀಲಿ ಕಾರ್ಬನ್ನು.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆ:
ಉಳಿದದ್ದು ಸರಕು.
ಡ್ರೈವರುಗಳು ಕಿತ್ತಳೆ ತಂದರು, ನೋಟು ತಂದರು,
ಒಬ್ಬ ಕಾಲಿಗೇ ಬಿದ್ದ.
ಒಂದು ಕಿಲೋ ಆಚೀಚೆ ಬರೆದವನಲ್ಲ.

ಸಾವಂತ್ರಿ ತೊಂಬತ್ತಾರು. ನಾನು ನಲವತ್ತೊಂಬತ್ತು.
ಗೂಟಕ್ಕೆ ಎಮ್ಮೆ ಕಟ್ಟಿದ ಹಾಗೆ ಅಂತ
ಮದುವೆಯಲ್ಲೇ ಜನ ನಕ್ಕಿದ್ದರು.
ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ.

ಪುಷ್ಯದ ಒಂದು ಬೆಳಗ್ಗೆ ಬಚ್ಚಲ ಹೊಸ್ತಿಲಲ್ಲಿ
ಕೂತ ಹಾಗೆ ಬಿದ್ದಳು. ಸದ್ದೇನೂ ದೊಡ್ಡದಲ್ಲ,
ಒದ್ದೆ ಬಟ್ಟೆ ಕಲ್ಲಿಗೆ ಒಗೆದಷ್ಟು.
ಕಂಕುಳಿಗೆ ಕೈ ಕೊಟ್ಟೆ. ಏಳಲಿಲ್ಲ.
ಸೊಂಟಕ್ಕೆ ಟವೆಲು ಸುತ್ತಿ ಎಳೆದೆ. ನಾನೇ ಜಾರಿದೆ.
"ಸಾಕು ಬಿಡಿ, ನೀವೂ ಮುರಕೊಂಡೀರಿ" ಅಂದಳು.
ಆಮೇಲೆ, "ಟೀ ಆದರೂ ಮಾಡಿ."
ಮಾಡಿದೆ. ಪಕ್ಕದಲ್ಲಿ ನೆಲಕ್ಕೆ ಕೂತು
ಬಸಿಯಲ್ಲಿ ಆರಿಸಿ ಕುಡಿಸಿದೆ.
ಕೆಳಗಿನಿಂದ ನೋಡಿದರೆ ಮನೆಯೇ ಬೇರೆ:
ಮೇಜಿನಡಿ ಯಾವುದೋ ಮಗು ಅಂಟಿಸಿದ ಬಬಲ್‌ಗಮ್ಮು,
ಕಪಾಟಿನಡಿ, ಹೋದ ವರ್ಷ ಕಳೆದ ಅವಳ ಓಲೆಯ ತಿರುಪು.
"ಅಲ್ಲಿದೆ ನೋಡಿ!" ಖುಷಿಯಲ್ಲೇ ಅಂದಳು.

ಜಬೀವುಲ್ಲಾನ ಗ್ಯಾರೇಜು ತೆರೆಯುವುದು ಒಂಬತ್ತಕ್ಕೆ.
ಮೂವರು ಹುಡುಗರು ಬಂದರು, ಕೈಯೆಲ್ಲ ಗ್ರೀಸು.
ಹಳೆ ಚಾದರ ಹಾಸಿ, ಯಾವ ಮೂಲೆ ಯಾರಿಗೆಂದು ಮಾತಾಡಿಕೊಂಡು,
ಸೆಲ್ವ ಕೇಳಿದ, ಎಂಜಿನ್ ಎತ್ತುವವನ ಮರ್ಯಾದೆಯಲ್ಲೇ:
"ಅಜ್ಜಿ, ಎಷ್ಟು ಕೆಜಿ ಇರಬೋದು?"
ಸಾವಂತ್ರಿ ಗೋಡೆ ನೋಡಿದಳು. "ಎಂಬತ್ತು."
ಅವನು ನನ್ನ ಕಡೆ ತಿರುಗಿದ. ನಾನು ಯಾರೆಂದು ಅವನಿಗೆ ಗೊತ್ತು;
ಅವನಪ್ಪನ ಲಾರಿಯನ್ನು ಎರಡು ಸಲ ವಾಪಸು ಕಳಿಸಿದವನು ನಾನೇ.
"ಎಂಬತ್ತು," ಅಂದೆ. "ಮೊನ್ನೆ ತಾನೇ ನೋಡಿದ್ದು."

ಮೂಳೆಗೆ ಏನೂ ಆಗಿಲ್ಲ. ಎಕ್ಸ್‌ರೇ ಇದೆ, ಬೀರುವಿನ ಮೇಲೆ.
ಆದರೂ ಈಗ ಗೋಡೆ ಹಿಡಿದೇ ನಡೆಯುತ್ತಾಳೆ:
ಸುಣ್ಣದ ಮೇಲೆ, ಸೊಂಟದೆತ್ತರಕ್ಕೆ, ಎಣ್ಣೆಗೈಯ ಒಂದು ದಾರಿ
ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಒಲೆಗೆ.
ಸಂತೆ ಬಿಟ್ಟಳು. ಹೊಳೆಯ ಸೇತುವೆ ಬಿಟ್ಟಳು.
ಜನ್ನಾಪುರದಲ್ಲೇ, ಎರಡು ಬೀದಿ ಆಚೆ,
ತಂಗಿಯ ಮೊಮ್ಮಗಳ ನಾಮಕರಣ ಬಿಟ್ಟಳು.
"ಬಿದ್ದರೆ ಬೀಳಲಿ," ಅಂದಳು ದೀಪ ಆರಿಸಿದ ಮೇಲೆ,
"ಎತ್ತೋದಕ್ಕೆ ಜನ ಕರೀಬೇಕಲ್ಲ."

ರಾತ್ರಿಯ ರೊಟ್ಟಿಯಲ್ಲಿ ಅರ್ಧ ಈಗ ಬೆಕ್ಕಿಗೆ.
ನಾನು ನೋಡಿಲ್ಲ ಅಂದುಕೊಂಡಿದ್ದಾಳೆ.
ಬೆಕ್ಕು ದಪ್ಪಗಾಗಿದೆ.

ನಿನ್ನೆ ಸಂಜೆ, ಏನನ್ನಿಸಿತೋ,
ಗೋಡೆ ಬಿಟ್ಟು ನನ್ನ ಹೆಗಲು ಹಿಡಿದು
ಬಾಗಿಲಾಚೆಯ ಎರಡು ಮೆಟ್ಟಿಲು ಇಳಿದಳು.
ಅವಳ ಭಾರವೆಲ್ಲ ಆ ಐದು ಬೆರಳಲ್ಲಿ.
ಎಷ್ಟೆಂದು ಹೇಳಬಲ್ಲೆ, ಕಣ್ಣು ಮುಚ್ಚಿ, ಗ್ರಾಮಿನ ಲೆಕ್ಕಕ್ಕೆ.
ಉಸಿರು ಹಿಡಿದು ನಿಂತೆ,
ಲಾರಿ ಪೂರ್ತಿ ಹತ್ತುವವರೆಗೂ
ಮುಳ್ಳು ನೋಡದೆ ಕಾಯುತ್ತಿದ್ದೆನಲ್ಲ, ಹಾಗೆ.

ಕೆಳಗೆ ನಿಂತು, ಬೀದಿಯ ಆ ತುದಿ ಈ ತುದಿ ನೋಡಿ,
ಕೇಳಿದಳು:
"ಸರಿ, ಈಗ ಹತ್ತೋದು ಹೆಂಗೆ?"