ನಾದುವ ಹಾಗಿಲ್ಲ

ಆಗಸ್ಟಿನಲ್ಲಿ ಫಹಾಹೀಲಿನ ತಣ್ಣೀರು ನಲ್ಲಿ
ಬಿಸಿನೀರನ್ನೇ ಕೊಡುತ್ತದೆ.
ಸ್ನಾನಕ್ಕೆ ಹಿಂದಿನ ರಾತ್ರಿಯೇ ಬಕೆಟ್ ತುಂಬಿ ಆರಿಸುವ ನಾವು
ಯೀಸ್ಟಿಗೆ ಮಾತ್ರ ಬೆಳಗಿನ ನಲ್ಲಿ ನೇರ ತಿರುಗಿಸುತ್ತೇವೆ:
ಬೆರಳು ತಡೆಯುವಷ್ಟು ಬಿಸಿ, ಅಷ್ಟೇ ಬೇಕು ಅದಕ್ಕೆ,
ಮತ್ತೆ ಒಂದು ಚಮಚ ಖರ್ಜೂರದ ಪಾಕ.
ಹತ್ತು ನಿಮಿಷಕ್ಕೆ ಲೋಟದ ತುಂಬ ನೊರೆ,
ಆಗತಾನೆ ಕರೆದ ಹಾಲಿನ ಹಾಗೆ.
ಹಾಲಿನ ಮಾತು ಬೇಡ, ಅನ್ನುತ್ತಾಳೆ ಯೆಶಿ.

ಅವಳಿಗೆ ಮಾತೆ ಮರಿಯಮ್ಮನ ಹದಿನೈದು ದಿನದ ಉಪವಾಸ.
ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ,
ಮಧ್ಯಾಹ್ನ ಮೂರರ ತನಕ ನೀರೂ ಇಲ್ಲ.
ನನಗೆ ಗೋಧಿ ಇಲ್ಲ. ವ್ರತವಲ್ಲ, ಕರುಳು.
ಈಜಿಪ್ಟಿನ ಡಾಕ್ಟರು ರಿಪೋರ್ಟು ಮಡಿಸಿ
'ಖುಬ್ಸ್ ಬಂದ್' ಎಂದಿದ್ದರು, ಅರ್ಧ ಅರಬಿ, ಅರ್ಧ ಹಿಂದಿ.
ರಕ್ತ ನನ್ನದು. ಟ್ಯೂಬಿಗೆ ಚೀಟಿ ಅಂಟಿಸಿದವಳೂ ನಾನೇ.

ಕೆಳಗಿನ ಇರಾನಿ ತಂದೂರು ನಸುಕಿಗೇ ಹೊತ್ತಿಕೊಳ್ಳುತ್ತದೆ.
ಎಳ್ಳು ಚಿಮುಕಿಸಿದ ಬಿಸಿ ಖುಬ್ಸನ್ನು ಹಳೇ ಪೇಪರಿನಲ್ಲಿ
ಮಡಿಸಿಕೊಂಡು ಹೋಗುವವರ ಚಪ್ಪಲಿ ಸದ್ದು.
ಕಿಟಕಿ ಮುಚ್ಚುತ್ತೇನೆ.
ವಾಸನೆ ಲಿಫ್ಟಿನಲ್ಲಿ ಬರುತ್ತದೆ.

ನಾವು ಸುಟ್ಟ ಮೊದಲನೆಯದು ಇಟ್ಟಿಗೆ;
ಬಾಗಿಲು ಬಡಿಯದಂತೆ ಕೊಟ್ಟಿದ್ದೇವೆ, ಇವತ್ತಿಗೂ ಗಟ್ಟಿ.
ಎರಡನೆಯದು ಚೆನ್ನಾಗಿಯೇ ಉಬ್ಬಿ,
ಕೆಟ್ಟ ಸುದ್ದಿ ಕೇಳಿದವರಂತೆ ನಡುವೆ ಕುಸಿಯಿತು.
ಮೂರನೆಯದರ ಹೊಟ್ಟೆಯೊಳಗೆ ಅಂಬಲಿ.
ಓವನ್ನಿನದೇನೂ ತಪ್ಪಲ್ಲ,
ಊರಿಗೆ ಹೊರಟ ಫಿಲಿಪ್ಪೀನಿನ ನರ್ಸು ಆರು ದಿನಾರಿಗೆ ಮಾರಿದ್ದು;
ಬಲಗಡೆ ಸ್ವಲ್ಪ ಸಿಟ್ಟು ಜಾಸ್ತಿ, ಅಷ್ಟೇ.

ಕೈಗೆ ಗೊತ್ತಿರುವುದೆಲ್ಲ ಇಲ್ಲಿ ಉಪಯೋಗಕ್ಕಿಲ್ಲ.
ಹೋಳಿಗೆಯ ಕಣಕ ನಾದಿ, ಎಣ್ಣೆ ಕುಡಿಸಿ, ಮತ್ತೆ ನಾದಿ,
ಎಳೆದಷ್ಟೂ ಬರುವ ಜಿಗಿ ಬರಿಸಿದ ಕೈ ಇದು.
ರಾಗಿಗೆ ಆ ಜಿಗಿ ಇಲ್ಲ. ಟೆಫ್ ಹಿಟ್ಟಿಗೂ ಇಲ್ಲ,
ಯೆಶಿಯ ಅತ್ತಿಗೆ ಶಾಲಿನಲ್ಲಿ ಸುತ್ತಿ
ಅಡಿಸ್‌ನಿಂದ ತಂದುಕೊಟ್ಟ ಎರಡು ಕಿಲೋ.
ಪೇಪರಿನ ಮೇಲೆ ಪಕ್ಕಪಕ್ಕ ಸುರಿದರೆ
ಎರಡಕ್ಕೂ ಒದ್ದೆ ಮಣ್ಣಿನ ಬಣ್ಣ.
ಯಾವುದು ಕುಣಿಗಲ್ಲಿನದು, ಯಾವುದು ಅವಳದು
ಮೂಸಿಯೇ ಹೇಳಬೇಕು. ಒಮ್ಮೆ ಅವಳೇ ತಪ್ಪು ಹೇಳಿದಳು.

ಅಂಟಿಗೆ ಕೊನೆಗೆ ಒದಗಿದ್ದು ಇಸಬ್ಗೋಲು:
ಅಜ್ಜ ಮಲಗುವ ಮುಂಚೆ, ಯಾರೂ ನೋಡದಂತೆ
ಕಲಕಿ ಕುಡಿಯುತ್ತಿದ್ದ ಹೊಟ್ಟು.
ಬೆಳಗ್ಗೆ ಅದು ಮಾಡುತ್ತಿದ್ದ ಘನಕಾರ್ಯ ವಿವರಿಸಿದಾಗ
ಯೆಶಿ ನಕ್ಕು ನಕ್ಕು ಬಟ್ಟಲು ಕೈಬಿಟ್ಟಳು.
ನೀರಿಗೆ ಬಿದ್ದ ಹೊಟ್ಟು ಎರಡೇ ನಿಮಿಷಕ್ಕೆ ಲೋಳೆ.
ಲೋಳೆಗೆ ರಾಗಿ, ಟೆಫ್, ಹಿಡಿ ಸಾಬೂದಾನಿ ಪುಡಿ,
ಉಪ್ಪು, ಆ ನೊರೆ.
ನಾದುವ ಹಾಗಿಲ್ಲ.
ಇಡ್ಲಿ ಹಿಟ್ಟಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ;
ಒದ್ದೆ ಕೈಯಿಂದ ಒಮ್ಮೆ ಸವರಿ ಸುಮ್ಮನೆ ಬಿಡಬೇಕು.
ಸುಮ್ಮನೆ ಬಿಡುವುದು ನನಗೆ ಬರುವುದಿಲ್ಲ.
ಯೆಶಿ ನನ್ನ ಮಣಿಕಟ್ಟು ಹಿಡಿದುಕೊಂಡು
ಅವಳ ಭಾಷೆಯಲ್ಲಿ ಏನೋ ಎಣಿಸುತ್ತಾಳೆ.

ನಾಲ್ಕನೆಯದು ಈ ಶುಕ್ರವಾರ, ಹನ್ನೆರಡೂವರೆಗೆ.
ತಳ ಬಡಿದರೆ ಮಡಕೆಯ ಸದ್ದು.
ಬಿಸಿಯಲ್ಲಿ ಕೊಯ್ದರೆ ಮತ್ತೆ ಅಂಬಲಿಯೇ,
ಪೂರ್ತಿ ಆರಲಿ, ಎರಡೂವರೆ ಗಂಟೆ.
ಯೆಶಿಯ ಮೂರಕ್ಕೂ ಬಾಕಿ ಅಷ್ಟೇ.
ಅವಳು ಬಿಳಿ ಶಾಲು ಹೊದ್ದು ಪ್ರಾರ್ಥನೆ ಓದಿದಳು,
ನಾನು ಸೌಟಿಗೆ ಕಚ್ಚಿದ ಹಿಟ್ಟನ್ನು ಉಗುರಿನಿಂದ ಕೆರೆದೆ;
ಎಲ್ಲಿ ಅಂಟಬಾರದೋ ಅಲ್ಲಿ ಎಷ್ಟೊಂದು ಅಂಟು.

ಮೂರಾಯಿತು. ಚಾಕು ಇಳಿಯಿತು, ಪುಡಿ ಉದುರಲಿಲ್ಲ.
ಒಳಗೆಲ್ಲ ತೂತು ತೂತು, ದೋಸೆಯ ಮೈ ಹಾಗೆ.
ತುದಿಯ ತುಂಡು ಅವಳಿಗೆಂದು ಕೊಟ್ಟೆ.
ಅವಳದನ್ನು ಮುರಿದು ನನ್ನ ಬಾಯಿಗೇ ಇಟ್ಟಳು.
ಅವರಲ್ಲಿ ಅದಕ್ಕೆ ಗುರ್ಶಾ ಅನ್ನುತ್ತಾರಂತೆ, ಕೈತುತ್ತಿಗೆ.

ಬಾಯಿ ತುಂಬಿದಾಗಲೇ ಅಕ್ಕನ ಫೋನು ಬರುವುದು.
'ಏನ್ ತಿಂತಿದ್ದೀಯೇ?'
'ಬ್ರೆಡ್ಡು.'
ಕುಣಿಗಲ್ಲಿನಲ್ಲಿ ಕುಕ್ಕರು ಒಮ್ಮೆ ಕೂಗಿ ನಿಂತಿತು.
'ಯಾವತ್ತಿಂದ ಜ್ವರ?'