ಒರೆಗಲ್ಲಿನವನ ಲೆಕ್ಕ

ರಾಬರ್ಟ್‌ಸನ್‌ಪೇಟೆಯ ಒಂದು ಅಡ್ಡರಸ್ತೆ,
ಘೇವರ್‌ಚಂದರ ಗಿರವಿ ಅಂಗಡಿಯ ಒಳಮೂಲೆ,
ಒಂದೂವರೆ ಅಡಿ ಹಲಗೆ ನನ್ನ ರಾಜ್ಯ.
ಮುಂದೆ ಕರಿಕಲ್ಲು, ಪಕ್ಕಕ್ಕೆ ಆಸಿಡ್ಡಿನ ಬುಡ್ಡಿ.
ಇಪ್ಪತ್ತಾರು ವರ್ಷ ಉಜ್ಜಿದ್ದೇನೆ
ನನ್ನದಲ್ಲದ ಚಿನ್ನ.

ಬೆಳಿಗ್ಗೆ ಅಂಜಲೈ ಬಂದಳು, ಚಾಂಪಿಯನ್ ರೀಫಿನ ಲೈನಿನಿಂದ,
ಮಾರಿಕುಪ್ಪಂ ರೈಲು ಬಿಟ್ಟು, ಅಂದರೆ
ಒಂದು ದಿನದ ಕಸ ಗುಡಿಸುವ ಕೂಲಿಗೆ ಎಳ್ಳುನೀರು ಬಿಟ್ಟು.
ಸರದ ಚೀಟಿ ಹೊಸದು ಮಾಡಿಸಬೇಕು.
ಬಡ್ಡಿಗೆ ದುಡ್ಡಿಲ್ಲ; ಮೂಗುತಿ ಬಿಚ್ಚಿ ಹಲಗೆಯ ಮೇಲಿಟ್ಟಳು.
"ಆರು ತಿಂಗಳು ಕೊಡಿ ಸೇಟು" ತಮಿಳಲ್ಲಿ ಅಂದಳು.
ಸೇಟು ತಮಿಳಲ್ಲೇ "ಮೂರು" ಅಂದರು.
ನಾನು ಕನ್ನಡದಲ್ಲಿ ಬರೆದೆ: ನಾಲ್ಕು.

ಇಬ್ಬರ ತಾತಂದಿರೂ ಸಾಲದ ಮೇಲೇ ಇಲ್ಲಿಗೆ ಬಂದದ್ದು.
ಪಾಲಿ ಕಡೆಯ ಮರಳಿನಿಂದ ಇವರ ತಾತ:
ಬೇತಮಂಗಲದಲ್ಲಿದ್ದ ಸೋದರಮಾವ ಕೊಟ್ಟ ಇನ್ನೂರು,
ಆದಾಗ ಕೊಡು ಅನ್ನುವ ಮಾತಿನ ಮೇಲೆ.
ಗುಡಿಯಾತ್ತಂ ಆಚೆಯ ಚೇರಿಯಿಂದ ಅವಳ ತಾತ:
ಮೇಸ್ತ್ರಿಯ ಮುಂಗಡ ಹದಿನೆಂಟು,
ಹೆಬ್ಬೆಟ್ಟಿನ ಗುರುತು, ಮೊದಲ ಸಂಬಳದಿಂದಲೇ ಕಡಿತ.
ಇಲ್ಲಿಗೆ ಯಾರೂ ಬರಿಗೈಲಿ ಬರಲಿಲ್ಲ ಅನ್ನುತ್ತಾರೆ ಸೇಟು.
ನಿಜ. ಒಂದು ಕೈಯಲ್ಲಿ ಮಾವನ ಹೆಸರಿತ್ತು.
ಇನ್ನೊಂದರಲ್ಲಿ ಮಸಿ.

ಆದರೂ ಕೇಳಿ, ಒಂದು ಕಾಲಕ್ಕೆ ಅವಳ ಮನೆಯೇ ಮೇಲು.
ಗಣಿಯವರಿಗೆ ಸಂಬಳದ ದಿನ ಅಂತ ಒಂದಿತ್ತು,
ಆಸ್ಪತ್ರೆ, ಶಾಲೆ, ಬ್ಯಾಂಡು, ಫುಟ್‌ಬಾಲಿನ ಜಗಳ.
ಸೈರನ್ ಕೂಗಿದರೆ ಪೇಟೆಯೇ ಗಡಿಯಾರ ತಿದ್ದಿಕೊಳ್ಳುತ್ತಿತ್ತು.
ಸೇಟು ತಾತ ಅಂಗಡಿಯ ಹಿಂದೆ ಲಾಟೀನು ಹಚ್ಚಿ
ಸಜ್ಜೆ ರೊಟ್ಟಿ ತಟ್ಟಿಕೊಳ್ಳುವಾಗ
ಅವಳ ತಾತ ಜ್ಞಾನಪ್ರಕಾಶಂ, ಕರೆಂಟು ದೀಪದ ಕೆಳಗೆ,
ಊರಲ್ಲಿದ್ದ ತಂಗಿಗೆ ಮನಿಆರ್ಡರು ಬರೆಸುತ್ತಿದ್ದನಂತೆ.

ಎರಡು ಸಾವಿರದ ಒಂದು. ಕೇಜು ನಿಂತಿತು.
ಲೈನಿನ ಮನೆ ಕಂಪನಿಯದು, ಅಂಗಡಿ ಸೇಟುದು.
ಅಷ್ಟೇ ವ್ಯತ್ಯಾಸ ಅನ್ನೋರೂ ಇದ್ದಾರೆ.
ಅವಳ ಅಪ್ಪನ ಎದೆಯಲ್ಲಿ ಕೂತ ಕಲ್ಲುಪುಡಿಗೆ
ಯಾವ ಖಾತೆಯಲ್ಲೂ ಕಾಲಂ ಇಲ್ಲ.
ಗೇಟಿನಲ್ಲಿ ಬಾಯಿ ತೆರೆಸಿ, ತಲೆಕೂದಲು ಕೆದಕಿ ನೋಡುತ್ತಿದ್ದರಂತೆ,
ಒಂದು ಕಣ ಹೊರಗೆ ಬರದ ಹಾಗೆ.
ಬಂದದ್ದು ದೂಳು. ಅದನ್ನು ಯಾರೂ ತಡೆಯಲಿಲ್ಲ.

ಸೇಟು ಕೆಟ್ಟವರೇನಲ್ಲ.
ನನ್ನ ಹೆಂಡತಿಯ ಬೆಂಡೋಲೆ ಅದೇ ಬೀರುವಿನಲ್ಲಿದೆ,
ಚೀಟಿ ನಂಬರು ನಾಲ್ಕು ಸಾವಿರದ ನೂರ ಹದಿನೇಳು,
ಬಡ್ಡಿಯಲ್ಲಿ ಕಾಲು ಪೈಸೆ ರಿಯಾಯಿತಿ, ಮನೆಯವನು ಅಂತ.
ಎದುರುಗಡೆ ಈಗ ಎ.ಸಿ. ಹಾಕಿದ ಚಿನ್ನದ ಸಾಲದ ಕಂಪನಿ,
ಟೈ ಕಟ್ಟಿದ ಹುಡುಗರು, ಕುಡಿಯಲು ತಣ್ಣನೆ ನೀರು.
ಸೇಟು ಮಗ ಸೂರತ್ತಿಗೆ ಹೋದ. ಅಲ್ಲೊಬ್ಬ ಮಾವನಿದ್ದಾನೆ.
ಇವರಿಗೆ ಎಲ್ಲ ಊರಲ್ಲೂ ಒಬ್ಬ ಮಾವ ಇರುತ್ತಾನೆ.
ಅಂಜಲೈಗೆ ಎಲ್ಲ ಊರಲ್ಲೂ ಒಬ್ಬ ಮೇಸ್ತ್ರಿ.

ಸಂಜೆ ಸೇಟು ನಾಷ್ಟಾಕ್ಕೆ ಹೋದಾಗ
ಪ್ಯಾರಿಬಾಯಿ ಒಳಬಾಗಿಲಿಂದ ಬಂದರು,
ಸೆರಗು ಮೂಗಿನವರೆಗೆ.
ಒಂದು ಜೊತೆ ಬಳೆ. "ಅವರಿಗೆ ಹೇಳಬೇಡ. ಎಷ್ಟು ಬರುತ್ತೆ?"
ಉಜ್ಜಿದೆ. ಬೆಳಗಿನ ಮೂಗುತಿಯ ಗೆರೆ
ಇನ್ನೂ ಕಲ್ಲಿನ ಮೇಲಿತ್ತು. ಇದು ಅದರ ಪಕ್ಕದಲ್ಲೇ ಬಿತ್ತು.

ಎಲ್ಲರ ಚಿನ್ನವೂ ಒಂದೇ ಹಳದಿ
ಅಂತ ಮುಗಿಸಬಹುದು ಇಲ್ಲಿಗೆ. ಕಿವಿಗೆ ಚೆಂದ.
ಆದರೆ ನನ್ನ ಕಸುಬು ಬೇರೆ. ಆಸಿಡ್ಡು ಹಚ್ಚಿದೆ.
ಒಂದು ಗೆರೆ ನಿಂತಿತು.
ಇನ್ನೊಂದು ಹಸಿರು ನೊರೆಯಾಗಿ ಹೋಯಿತು.

"ಇಪ್ಪತ್ತೆರಡು, ಅಮ್ಮಾ" ಅಂದೆ.
ಅವರು ಇಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟರು.

ಮೂಗುತಿಗೆ ಬೆಳಿಗ್ಗೆ ನಾನು ಬರೆದದ್ದು ಹದಿನೆಂಟು.
ಇದ್ದದ್ದು ಹದಿನಾಲ್ಕು, ಕಣ್ಣಳತೆಗೇ ಗೊತ್ತಾಗುತ್ತೆ.
ಸೇಟು ಆಗ ಒಂದು ಸಲ ಕಲ್ಲಿನ ಕಡೆ ನೋಡಿ,
ಕನ್ನಡಕ ತೆಗೆದು
ಒರೆಸಿಕೊಳ್ಳಲು ಶುರು ಮಾಡಿದ್ದರು.