ಸ್ಟಿಫ್

ಇದು ಪುಸ್ತಕದ ಪದವಲ್ಲ, ಇಡಿಲ್,
ಬರೆದುಕೋ, ಆರ್ಡರ್ ಚೀಟಿಯ ಬೆನ್ನಿಗೆ:
ಸ್ಟಿಫ್.

ಬೆಳಗಿನ ಜಾವ ಮೂರಕ್ಕೆ ನನ್ನ ಮಂಡಿ ಸ್ಟಿಫ್.
ಪಾದ್ರಿಯ ಕಾಲರ್ ಸ್ಟಿಫ್, ಗಂಜಿ ಕುಡಿದು.
ನನ್ನ ತಮ್ಮ ಡ್ವೇನ್‌ಗೆ ಶವಾಗಾರದಲ್ಲಿ ಕೆಲಸ,
ಅವನ ಬಾಯಲ್ಲಿ ಸ್ಟಿಫ್ ಎಂದರೆ ಹೆಣವೇ.
ಇವೆಲ್ಲ ಬಿದ್ದಲ್ಲೇ ಬಿದ್ದಿರುವ ಪದಗಳು.
ಕ್ರಿಯಾಪದವಾದರೆ ಮಾತ್ರ
ಎದ್ದು, ಹ್ಯಾಟು ಹಾಕಿಕೊಂಡು, ಬಾಗಿಲು ದಾಟಿ ಹೋಗುತ್ತದೆ.

ಆರನೇ ಟೇಬಲ್ಲಿನವನನ್ನೇ ತೆಗೆದುಕೋ.
ಐದು ಸಲ ಕಾಫಿ ತುಂಬಿಸಿಕೊಂಡ,
ಮೊಟ್ಟೆ ಹೆಚ್ಚು ಬೆಂದಿತೆಂದು ವಾಪಸು ಕಳಿಸಿದ,
ಸ್ವೀಟಿ ಎಂದ, ಮಗಳ ಫೋಟೊ ತೋರಿಸಿದ,
ಹದಿನಾಲ್ಕು ಡಾಲರ್ ಅರವತ್ತು ಸೆಂಟ್
ಬಿಲ್ಲಿನ ಮೇಲೆ ಬಿಲ್ಲಿನಷ್ಟೇ ಎಣಿಸಿಟ್ಟು
ಹೈವೇ ಹತ್ತಿ ಅಯೋವಾ ಕಡೆ ಹೊರಟುಹೋದ.
ಹಿ ಸ್ಟಿಫ್ಡ್ ಮಿ.

ಕಳವಲ್ಲ ಇದು. ಕಳ್ಳನಿಗಾದರೆ ಷರೀಫ್ ಇದ್ದಾನೆ.
ಟೋಪಿ ಹಾಕಿದ ಎಂದರೂ ಅರ್ಥ ಪೂರ್ತಿ ಬರದು,
ಟೋಪಿ ಹಾಕುವವನು ಟೋಪಿಯನ್ನಾದರೂ ಕೊಡುತ್ತಾನೆ.
ಇದು ಕೊಡದೆ ಮಾಡುವ ಕೆಲಸ.
ಗಂಟೆಗೆ ಎರಡು ಡಾಲರ್ ಚಿಲ್ಲರೆ ನಮ್ಮ ಸಂಬಳ,
ಮಿಕ್ಕಿದ್ದು ಅವರ ಮರ್ಜಿ.
ಮರ್ಜಿ ಬಾರದೆ ಹೋದರೆ
ಆ ಬಾರದ್ದಕ್ಕೆ ಈ ಹೆಸರು.

ವಾಕ್ಯದಲ್ಲಿ ಬಳಸುವಾಗ ಒಂದು ಮಾತು:
ಏಟು ತಿನ್ನಲು ಒಬ್ಬರು ಬೇಕೇ ಬೇಕು ಅದರ ಮುಂದೆ.
ಮಾಡಿದ್ದು ಯಾರೆಂದು ಹೇಳಲು ಇಷ್ಟವಿಲ್ಲದಿದ್ದರೆ
ಐ ಗಾಟ್ ಸ್ಟಿಫ್ಡ್ ಅನ್ನು.
ಆಲಿಕಲ್ಲು ಬಿದ್ದ ಹಾಗೆ, ತಾನಾಗೇ ಆದ ಹಾಗೆ.
ಮೂವತ್ತೊಂದು ವರ್ಷ ನಾನು ಹಾಗೇ ಅಂದೆ.

ಅವಳು ಪೆನ್ಸಿಲ್ಲಿನ ತುದಿ ನಾಲಿಗೆಗೆ ಮುಟ್ಟಿಸಿ ಬರೆದುಕೊಂಡಳು,
ಪಕ್ಕದಲ್ಲಿ ಸೊಮಾಲಿಯಲ್ಲಿ ಇನ್ನೇನೋ, ಉದ್ದಕ್ಕೆ.
ಇಷ್ಟೊಂದಾ? ಎಂದೆ.
ನಮ್ಮಜ್ಜಿ ಇದಕ್ಕೆ ಒಂದು ಕತೆಯನ್ನೇ ಹೇಳುತ್ತಿದ್ದಳು ಎಂದು
ತಲೆವಸ್ತ್ರ ಬಿಗಿದು ಸಿಂಕಿನ ಕಡೆ ನಡೆದಳು.

ಶನಿವಾರ ರಾತ್ರಿ ಟಿಪ್ಪಿನ ಡಬ್ಬಿ ಸುರಿದು ಹಂಚುವವಳು ನಾನೇ.
ಹಿರಿಯಳು. ಲೆಕ್ಕ ಯಾರೂ ಕೇಳಿದ್ದಿಲ್ಲ.
ಅಡುಗೆಯ ಎರ್ಲ್‌ಗೆ ಇಷ್ಟು, ನನಗಿಷ್ಟು,
ಪಾತ್ರೆ ತೊಳೆಯುವವಳಿಗೆ
ಒದ್ದೆ ಕೈಗೆ ಅಂಟಿಕೊಳ್ಳುವಷ್ಟು.
ಹಿಮದ ಟೈರು, ಹೀಟರಿನ ಬಾಕಿ,
ನನಗೂ ಕಾರಣಗಳಿದ್ದವು, ಎಲ್ಲರಿಗೂ ಇರುವಂಥವು.
ಆರನೇ ಟೇಬಲ್ಲಿನವನಿಗೂ ಮಗಳಿದ್ದಳಲ್ಲ.

ಅವಳು ಏಪ್ರನ್ನಿಗೆ ಕೈ ಒರೆಸಿ ಎಣಿಸಿದಳು,
ಮತ್ತೊಮ್ಮೆ ಎಣಿಸಿದಳು,
ಜೇಬಿನಿಂದ ಆ ಚೀಟಿ ತೆಗೆದು ನೋಡಿಕೊಂಡಳು.
ದನಿ ಏರಿಸಲಿಲ್ಲ.
ಯೂ ಸ್ಟಿಫ್ಡ್ ಮಿ, ವರ್ನಾ.

ಮಾಡಿದವರು, ಮಾಡಿದ್ದು, ತಿಂದವರು,
ಎಲ್ಲ ಅವರವರ ಜಾಗದಲ್ಲಿ.
ಉಚ್ಚಾರವನ್ನಾದರೂ ತಿದ್ದೋಣವೆಂದು ಬಾಯಿ ತೆರೆದೆ,
ತಿದ್ದಲು ಏನೂ ಇರಲಿಲ್ಲ.
ಹೊರಗೆ ದನದ ಲಾರಿಯೊಂದು ಗೇರು ಬದಲಿಸಿತು.
ಡಬ್ಬಿ ಹಿಡಿದು ನಿಂತೇ ಇದ್ದೆ.
ಕೂರೋಣವೆಂದರೆ
ಮಂಡಿ ಬಾಗಲೊಲ್ಲದು.